ಜಿಪ್ಸಮ್ ಕಲ್ಲೋ, ಗೊಬ್ಬರವೋ, ಗಾರೆಯೋ?

ಪ್ರಶ್ನೆ: ಮನೆಗೆ ಫಾಲ್ಸ್ ಸೀಲಿಂಗ್ ಹಾಕಿಸುತ್ತಿದ್ದೇವೆ. ‘ಜಿಪ್ಸಮ್ ಬೋರ್ಡ್ ಹಾಕೋಣವಾ, ಪಿಒಪಿ ಮಾಡೋಣವಾ?’ ಎಂದು ಕೆಲಸದವರು ಕೇಳಿದರು. ಎರಡೂ ಬೇರೆ ಬೇರೆಯಾ? ನಮ್ಮ ಭಾವ ಹೊಲಕ್ಕೆ ಜಿಪ್ಸಮ್ ಹಾಕುತ್ತಾರೆ, ಅದೂ ಸುಣ್ಣ ಇದ್ದ ಹಾಗೇ ಅನ್ನುತ್ತಾರೆ. ಹೋದ ವರ್ಷ ಮಗಳ ಕೈ ಮುರಿದಾಗ ಹಾಕಿದ ಪಟ್ಟಿಯೂ ಜಿಪ್ಸಮ್ಮಿನದೇ ಎಂದು ಎಲ್ಲೋ ಓದಿದೆ. ಇದೆಲ್ಲ ಒಂದೇ ವಸ್ತುವಾ? ನೀರು ಬಿದ್ದರೆ, ಬೆಂಕಿ ತಗುಲಿದರೆ ಏನಾಗುತ್ತದೆ? ಉಳಿದ ಬೋರ್ಡ್ ಚೂರುಗಳನ್ನು ಪುಡಿ ಮಾಡಿ ಗಿಡಗಳಿಗೆ ಹಾಕಬಹುದಾ?

ಉತ್ತರ: ಹೌದು, ಎಲ್ಲ ಒಂದೇ. ಸೀಲಿಂಗಿನ ಬೋರ್ಡು, ಪಿಒಪಿ, ಹೊಲಕ್ಕೆ ಹಾಕುವ ಪುಡಿ, ಮಗಳ ಕೈಗೆ ಕಟ್ಟಿದ ಪಟ್ಟಿ, ನಾಲ್ಕಕ್ಕೂ ಮೂಲ ಒಂದೇ ಕಲ್ಲು. ಕೆಲವದರಲ್ಲಿ ಕಲ್ಲಿನ ನೀರು ಹಾಗೇ ಇದೆ, ಕೆಲವದರಲ್ಲಿ ಅದನ್ನು ಒಮ್ಮೆ ಓಡಿಸಿ ಮತ್ತೆ ಕುಡಿಸಿದ್ದಾರೆ. ವ್ಯತ್ಯಾಸ ಅಷ್ಟೇ. ನಿಮ್ಮ ಭಾವನವರ ಸುಣ್ಣದ ಮಾತು ಮಾತ್ರ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಆ ತಪ್ಪಿನಿಂದ ಹೊಲದಲ್ಲಿ ದುಡ್ಡು ದಂಡವಾಗುತ್ತದೆ.

ಮೊದಲು ಕಲ್ಲನ್ನೇ ಕೈಗೆತ್ತಿಕೊಳ್ಳೋಣ. ಖನಿಜಗಳ ಪಾಠ ಮಾಡುವಾಗ ನಾನು ಮೇಜಿನ ಮೇಲೆ ಮೂರು ತುಂಡು ಇಟ್ಟು ‘ಉಗುರಿನಲ್ಲಿ ಗೀರಿ’ ಅನ್ನುತ್ತೇನೆ. ಮೊದಲನೆಯದು ಬಳಪದ ಕಲ್ಲು. ಮುಟ್ಟಿದರೇ ಬೆರಳಿಗೆ ನುಣ್ಣಗೆ ಹತ್ತಿಕೊಳ್ಳುತ್ತದೆ. ಮೂರನೆಯದು ಸುಣ್ಣದ ಕಲ್ಲು. ಉಗುರು ಸವೆಯುತ್ತದೆಯೇ ಹೊರತು ಕಲ್ಲು ಜಗ್ಗುವುದಿಲ್ಲ. ನಡುವಿನದು ಜಿಪ್ಸಮ್. ಸ್ವಲ್ಪ ಒತ್ತಿ ಎಳೆದರೆ ಸಣ್ಣ ಬಿಳಿ ಗೆರೆ ಮೂಡುತ್ತದೆ, ಉಗುರಿನ ಸಂದಿಯಲ್ಲಿ ಪುಡಿ ಕೂರುತ್ತದೆ. ಕಲ್ಲುಗಳ ಗಟ್ಟಿತನ ಹೇಳುವ ಮೋಸ್ ಪಟ್ಟಿಯಲ್ಲಿ ಬಳಪದ ಕಲ್ಲಿನ ಖನಿಜಕ್ಕೆ 1, ಜಿಪ್ಸಮ್ಮಿಗೆ 2, ಸುಣ್ಣದ ಕಲ್ಲಿನ ಕ್ಯಾಲ್ಸೈಟಿಗೆ 3. ನಮ್ಮ ಉಗುರು ಸುಮಾರು ಎರಡೂವರೆ. ಉಪಕರಣ ಕೈಯಲ್ಲೇ ಇದೆ ಅಲ್ವಾ?

ಇನ್ನೊಂದು ಪರೀಕ್ಷೆ ಅಡುಗೆಮನೆಯದು. ಸುಣ್ಣದ ಕಲ್ಲಿನ ಪುಡಿಗೆ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆಗಳೆದ್ದು ನೊರೆ ಬರುತ್ತದೆ. ಜಿಪ್ಸಮ್ ಸುಮ್ನೆ ಒದ್ದೆಯಾಗುತ್ತದೆ, ಅಷ್ಟೇ. ಇದನ್ನು ಶಾಲೆಯ ಸೀಮೆಸುಣ್ಣದ ಮೇಲೆ ಮಾಡಿ ನೋಡಿ. ಹೆಸರಿನಲ್ಲೇ ಸುಣ್ಣ ಇದ್ದರೂ ಎಷ್ಟೋ ಸಲ ನೊರೆ ಬರುವುದಿಲ್ಲ. ಅದು ಜಿಪ್ಸಮ್ಮಿನಿಂದ ಮಾಡಿದ್ದು. ನೊರೆ ಬಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನದು. ಎರಡು ಬಗೆಯವೂ ಇವೆ.

ಈ ಕಲ್ಲಿಗೆ ವೇಷಗಳು ಜಾಸ್ತಿ. ಗಾಜಿನಂತೆ ಪಾರದರ್ಶಕವಾಗಿ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುವ ರೂಪಕ್ಕೆ ಸೆಲೆನೈಟ್ ಎನ್ನುತ್ತಾರೆ. ಗ್ರೀಕರ ಚಂದ್ರದೇವತೆ ಸೆಲೀನಿಯಿಂದ ಬಂದ ಹೆಸರು. ನೋಡಲು ಕಾಗೆಬಂಗಾರದ ಹಾಗೇ ಇರುತ್ತದೆ. ಗುರುತು ಹಿಡಿಯುವುದು ಹೇಗೆಂದರೆ, ತೆಳ್ಳಗಿನ ಹಾಳೆಯನ್ನು ಮೆಲ್ಲಗೆ ಬಗ್ಗಿಸಿ ಬಿಡಬೇಕು. ಕಾಗೆಬಂಗಾರ ಟಪ್ಪನೆ ಮೊದಲಿನ ಹಾಗೆ ನೆಟ್ಟಗಾಗುತ್ತದೆ. ಸೆಲೆನೈಟ್ ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತದೆ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ರೋಮನ್ನರು ಇದರ ಹಾಳೆಗಳನ್ನು ಕಿಟಕಿಗೆ ಕೂರಿಸುತ್ತಿದ್ದರು. ಈಗಿನ ಸ್ಪೇನಿನಲ್ಲಿರುವ ಸೆಗೊಬ್ರಿಗಾ ಸುತ್ತಲಿನ ಗಣಿಗಳ ಕಲ್ಲಿಗೆ ಅದಕ್ಕಾಗಿಯೇ ಹೆಸರಿತ್ತು. ರೇಷ್ಮೆ ಎಳೆಗಳನ್ನು ಒಟ್ಟಿಗೆ ಹಿಡಿದಂತೆ ಹೊಳೆಯುವ ನಾರುನಾರಾದ ರೂಪ ಇನ್ನೊಂದು. ಸಣ್ಣ ಕಾಳಿನ, ಬೆಳಕು ಒಳಗೆ ಇಳಿಯುವ ಬಿಳಿ ಗಟ್ಟಿಯೇ ಅಲಬಾಸ್ಟರ್. ಶಿಲ್ಪಿಗಳಿಗೆ ಅದು ಪ್ರೀತಿ, ಏಕೆಂದರೆ ಉಳಿ ಸಲೀಸಾಗಿ ಓಡುತ್ತದೆ. ಮರಳುಗಾಡಿನಲ್ಲಿ ಮರಳಿನ ಕಾಳುಗಳನ್ನೂ ಒಳಗೆ ಸೇರಿಸಿಕೊಂಡು ಗುಲಾಬಿ ಹೂವಿನಂತೆ ಬೆಳೆಯುವುದೂ ಉಂಟು.

ಸರಿ, ಈಗ ನೀರಿನ ಮಾತಿಗೆ ಬರೋಣ. ನಿಮ್ಮ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಅಲ್ಲಿದೆ.

ಜಿಪ್ಸಮ್ ಎಂದರೆ ಕ್ಯಾಲ್ಸಿಯಂ ಸಲ್ಫೇಟ್ ಜೊತೆಗೆ ನೀರು. ಒಂದೊಂದು ಕ್ಯಾಲ್ಸಿಯಂ ಸಲ್ಫೇಟಿಗೆ ಎರಡೆರಡು ನೀರಿನ ಅಣು. ಈ ನೀರು ಸ್ಪಂಜಿನಲ್ಲಿ ಹೀರಿಕೊಂಡ ನೀರಲ್ಲ. ಹರಳಿನ ಕಟ್ಟಡದಲ್ಲೇ ಪದರದ ನಡುವೆ ಪದರವಾಗಿ ಕೂತಿದೆ. ಆ ನೀರಿನ ಪದರದಲ್ಲಿ ಹಿಡಿತ ಸಡಿಲ. ಅದಕ್ಕೇ ಸೆಲೆನೈಟ್ ಹಾಳೆಯಾಗಿ ಬಿಚ್ಚುತ್ತದೆ, ಅದಕ್ಕೇ ಉಗುರು ಕೂಡ ಅದನ್ನು ಗೆಲ್ಲುತ್ತದೆ. ತೂಕದಲ್ಲಿ ನೂರಕ್ಕೆ ಸುಮಾರು 21 ಭಾಗ ನೀರು. ಅಂದರೆ ಒಣಗಿದ ಒಂದು ಕಿಲೋ ಕಲ್ಲಿನಲ್ಲಿ 200 ಮಿಲಿಲೀಟರಿಗೂ ಮಿಕ್ಕಿ ನೀರು, ಒಂದು ಲೋಟ ತುಂಬ.

ನಂಬಿಕೆ ಬರದಿದ್ದರೆ ಗಾಜಿನ ಪ್ರನಾಳದಲ್ಲಿ ಒಂದು ಚೂರು ಹಾಕಿ ಕೆಳಗೆ ದೀಪ ಹಿಡಿಯಬೇಕು. ಸ್ವಲ್ಪ ಹೊತ್ತಿಗೆ ಪಾರದರ್ಶಕವಾಗಿದ್ದ ಕಲ್ಲು ಹಾಲುಬಿಳಿಯಾಗುತ್ತದೆ. ಪ್ರನಾಳದ ಬಾಯಿಯ ಹತ್ತಿರ, ತಣ್ಣಗಿರುವ ಗಾಜಿಗೆ ಮಂಜು ಕವಿಯುತ್ತದೆ. ಮಂಜು ಕೂಡಿ ಹನಿಯಾಗಿ ಕೆಳಗೆ ಜಾರುತ್ತದೆ. ಒಣ ಕಲ್ಲಿನಿಂದ ನೀರು ಬಂದದ್ದನ್ನು ನೋಡಿದ ಮಕ್ಕಳ ಮುಖವನ್ನು ನೀವು ನೋಡಬೇಕು.

ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಈ ನೀರಿನ ಮುಕ್ಕಾಲು ಪಾಲು ಹೊರಟುಹೋಗುತ್ತದೆ. ಕಾರ್ಖಾನೆಯಲ್ಲಿ ದೊಡ್ಡ ಕಡಾಯಿಯಲ್ಲಿ ಪುಡಿಯನ್ನು ಕಾಯಿಸುವಾಗ ಹಬೆ ಒಳಗಿಂದ ನುಗ್ಗಿ, ಒಣಪುಡಿಯೇ ಹಾಲು ಕುದಿದಂತೆ ಕೊತಕೊತ ಕುದಿಯುತ್ತದೆ. ಹೀಗೆ ಬೆಂದ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್, ನಿಮ್ಮ ಕೆಲಸದವರ ಬಾಯಲ್ಲಿ ಪಿಒಪಿ. ಒಂದು ಕಿಲೋ ಜಿಪ್ಸಮ್ ಬೆಂದರೆ ಸುಮಾರು 840 ಗ್ರಾಂ ಪಿಒಪಿ. ಇನ್ನೂ ಜಾಸ್ತಿ ಕಾಯಿಸಿದರೆ ಪೂರ್ತಿ ನೀರು ಹೋಗುತ್ತದೆ. ಬಹಳ ಜಾಸ್ತಿ ಸುಟ್ಟರೆ ಅದು ಸತ್ತ ಪುಡಿ. ನೀರು ಹಾಕಿದರೂ ಬೇಗ ಗಟ್ಟಿಯಾಗುವುದಿಲ್ಲ.

ಪಿಒಪಿಗೆ ನೀರು ಕೊಟ್ಟರೆ ಕಳೆದುಕೊಂಡಿದ್ದನ್ನು ವಾಪಸ್ ತೆಗೆದುಕೊಂಡು ಮತ್ತೆ ಜಿಪ್ಸಮ್ ಆಗುತ್ತದೆ. ಪುಡಿ ನೀರಿನಲ್ಲಿ ಸ್ವಲ್ಪ ಕರಗುತ್ತದೆ. ಕರಗಿದ್ದು ಸೂಜಿಯಂತಹ ಸಣ್ಣ ಹರಳುಗಳಾಗಿ ಹೊರಬರುತ್ತದೆ. ಸೂಜಿಗಳು ಒಂದರೊಳಗೊಂದು ಸಿಕ್ಕಿಹಾಕಿಕೊಂಡು ಬೇಲಿಯ ಮುಳ್ಳಿನಂತೆ ಹೆಣೆದುಕೊಳ್ಳುತ್ತವೆ. ಗಟ್ಟಿಯಾಗುವುದು ಎಂದರೆ ಇದೇ. ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ನಾನೇ ಒಮ್ಮೆ ಕೆಟ್ಟಿದ್ದೇನೆ. ಓದುವ ದಿನಗಳಲ್ಲಿ ಅಚ್ಚು ಹುಯ್ದು ಉಳಿದ ತೆಳುಪಾಕವನ್ನು, ನೀರು ಬಿಟ್ಟರೆ ಹರಿದುಹೋಗುತ್ತದೆ ಎಂದುಕೊಂಡು ಸಿಂಕಿಗೆ ಚೆಲ್ಲಿದೆ. ಹರಿದುಹೋಗಲಿಲ್ಲ. ಪೈಪಿನ ಬಾಗಿನಲ್ಲಿ ಕೂತು ನೀರಿನೊಳಗೇ ಕಲ್ಲಾಯಿತು. ಆ ತುಂಡು ಪೈಪನ್ನು ಕೊಯ್ದು ತೆಗೆಯಬೇಕಾಯಿತು.

ಕಲಸುವುದಕ್ಕೂ ಒಂದು ಕ್ರಮ ಇದೆ. ಪುಡಿಗೆ ನೀರು ಹುಯ್ಯಬಾರದು, ನೀರಿಗೆ ಪುಡಿ ಉದುರಿಸಬೇಕು. ಬೆರಳ ಸಂದಿಯಿಂದ ಉದುರಿಸುತ್ತಾ ಹೋದರೆ ಪುಡಿ ತಾನೇ ನೆನೆದು ಮುಳುಗುತ್ತದೆ. ನೀರಿನ ಮೇಲೆ ಒಣ ದ್ವೀಪಗಳು ನಿಲ್ಲತೊಡಗಿದಾಗ ಸಾಕು. ಒಂದೆರಡು ನಿಮಿಷ ಬಿಟ್ಟು, ಗಾಳಿ ಸೇರದಂತೆ ಮೆಲ್ಲಗೆ ಕಲಸಬೇಕು. ಮೊದಲು ಮಜ್ಜಿಗೆ, ಆಮೇಲೆ ಗಟ್ಟಿ ಮೊಸರು. ಮೇಲ್ಮೈಯ ಹೊಳಪು ಮಾಯವಾದರೆ ಹರಳು ಹೆಣೆಯಲು ಶುರುವಾಗಿದೆ ಎಂದು ಅರ್ಥ. ಇನ್ನು ಮುಟ್ಟಬಾರದು. ಆ ಹೊತ್ತಿನಲ್ಲಿ ಕಲಸಿದರೆ ಹೆಣಿಗೆ ಮುರಿದು ಅಚ್ಚು ಪುಡಿಪುಡಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಪಾತ್ರೆ ಬೆಚ್ಚಗಾಗುತ್ತದೆ. ಕಾಯಿಸುವಾಗ ಕೊಟ್ಟ ಶಾಖವನ್ನು ಪುಡಿ ಈಗ ಹಿಂದಿರುಗಿಸುತ್ತಿದೆ.

ಪಾತ್ರೆ ಶುದ್ಧವಾಗಿರಬೇಕು. ಹಿಂದಿನ ಸಲದ ಗಟ್ಟಿ ಚೂರು ಅಂಟಿಕೊಂಡಿದ್ದರೆ ಅದು ಮೊಸರಿಗೆ ಹೆಪ್ಪು ಹಾಕಿದಂತೆ. ಅದರ ಸುತ್ತ ಹರಳುಗಳು ದಡಬಡನೆ ಬೆಳೆದು, ಹತ್ತು ನಿಮಿಷ ಸಿಗಬೇಕಾದಲ್ಲಿ ಮೂರೇ ನಿಮಿಷ ಸಿಗುತ್ತದೆ. ‘ಈ ಸಲದ ಮಾಲು ಸರಿಯಿಲ್ಲ’ ಎನ್ನುವ ದೂರಿನ ಹಿಂದೆ ಎಷ್ಟೋ ಸಲ ತೊಳೆಯದ ಬುಟ್ಟಿ ಇರುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕೈಯ ಅಚ್ಚು ತೆಗೆಯುತ್ತೇವೆ ಎಂದು ಮಕ್ಕಳು ಪಿಒಪಿ ತುಂಬಿದ ಬಕೆಟ್ಟಿನೊಳಗೆ ಕೈ ಇಡುವುದು ಬೇಡವೇ ಬೇಡ. ದಪ್ಪ ಗಟ್ಟಿಯ ಒಳಗೆ ಶಾಖಕ್ಕೆ ಹೊರದಾರಿ ಇಲ್ಲ. ಚರ್ಮ ಸುಡುವಷ್ಟು, 60 ಡಿಗ್ರಿಯ ಆಸುಪಾಸಿಗೆ ಏರಬಹುದು. ಅಷ್ಟರಲ್ಲಿ ಅದು ಗಟ್ಟಿಯಾಗಿ ಕೈ ಹೊರಗೆ ಬರುವುದಿಲ್ಲ. ಬೆರಳು ಕಳೆದುಕೊಂಡವರಿದ್ದಾರೆ.

ಪ್ಯಾರಿಸ್ ಎಂಬ ಹೆಸರು ಬಂದದ್ದು ಆ ಊರಿನ ಅಡಿಯಲ್ಲೇ, ಅದರಲ್ಲೂ ಮೊಂಮಾರ್ತ್ರ್ ಗುಡ್ಡದಲ್ಲಿ, ಜಿಪ್ಸಮ್ ಗಣಿಗಳಿದ್ದುದರಿಂದ. ಆದರೆ ಈ ವಿದ್ಯೆ ಪ್ಯಾರಿಸ್ಸಿಗಿಂತ ಬಹಳ ಹಳೆಯದು. ಗೀಜಾದ ಪಿರಮಿಡ್ಡುಗಳ ಕಲ್ಲುಗಳ ನಡುವಿನ ಗಾರೆ ಸುಟ್ಟ ಜಿಪ್ಸಮ್ಮಿನದು. ಏಕೆ ಗಟ್ಟಿಯಾಗುತ್ತದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವನು ಲವಾಸಿಯೆ. 1765ರಲ್ಲಿ, ಇನ್ನೂ 21 ವರ್ಷದ ಹುಡುಗನಾಗಿದ್ದಾಗ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಓದಿದ ತನ್ನ ಮೊದಲ ಪ್ರಬಂಧದಲ್ಲಿ. ಕಾಯಿಸಿದಾಗ ಹೊರಟದ್ದು ಬರೀ ನೀರು, ಗಟ್ಟಿಯಾಗುವಾಗ ಪುಡಿ ವಾಪಸ್ ತೆಗೆದುಕೊಳ್ಳುವುದೂ ಅದೇ ನೀರು ಎಂದು ಆತ ತೋರಿಸಿದ. ಮುಂದೆ ರಸಾಯನಶಾಸ್ತ್ರದ ದಿಕ್ಕನ್ನೇ ಬದಲಿಸಿದವನ ಮೊದಲ ಕೆಲಸ ಈ ಬಡಪಾಯಿ ಕಲ್ಲಿನ ಮೇಲೆ ನಡೆದದ್ದು ನನಗಂತೂ ಖುಷಿಯ ವಿಷಯ.

ಇನ್ನು ನಿಮ್ಮ ಮಗಳ ಕೈ. ಒಣ ಪಿಒಪಿಯನ್ನು ಬಟ್ಟೆಪಟ್ಟಿಗೆ ತಿಕ್ಕಿ ಇಟ್ಟುಕೊಂಡು, ಬೇಕಾದಾಗ ನೀರಿನಲ್ಲಿ ಅದ್ದಿ ಸುತ್ತುವ ಉಪಾಯವನ್ನು 1850ರ ದಶಕದ ಆರಂಭದಲ್ಲಿ ತಂದವನು ಆಂಟೋನಿಯಸ್ ಮಥೈಸನ್ ಎಂಬ ಡಚ್ ಸೇನಾ ವೈದ್ಯ. ಅದಾದ ಸ್ವಲ್ಪ ಕಾಲಕ್ಕೆ ಕ್ರಿಮಿಯಾ ಯುದ್ಧದಲ್ಲಿ ರಷ್ಯಾದ ವೈದ್ಯ ಪಿರೊಗೋವ್ ಗಾಯಾಳುಗಳಿಗೆ ಪ್ಲಾಸ್ಟರು ಕಟ್ಟಿದ. ಮಗಳನ್ನು ಕೇಳಿ ನೋಡಿ, ಕಟ್ಟಿದ ಕೂಡಲೇ ಕೈ ಬೆಚ್ಚಗಾಯಿತು ಎಂದಾಳು. ಅದು ಅದೇ ಶಾಖ. ಪಟ್ಟಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಅಥವಾ ಕಟ್ಟಿದ ಮೇಲೆ ದಿಂಬಿನಲ್ಲಿ ಹುದುಗಿಸಿದರೆ ಈ ಬಿಸಿ ಹೆಚ್ಚಿ ಚರ್ಮ ಸುಡಬಹುದು. ಹಾಗಾಗಿ ಆ ಹೊತ್ತಿನಲ್ಲಿ ಗಾಳಿಗೆ ಬಿಡುವುದು ಒಳ್ಳೆಯದು. ಈಗ ಹಗುರವಾದ ಫೈಬರ್ ಗ್ಲಾಸ್ ಪಟ್ಟಿಗಳೂ ಬಂದಿವೆ. ಆದರೂ ಆಗತಾನೇ ಮುರಿದ ಮೂಳೆಗೆ, ಕೈಯ ಆಕಾರಕ್ಕೆ ತಕ್ಕಂತೆ ತೀಡಿ ಕೂರಿಸಲು ಹಳೆಯ ಪ್ಲಾಸ್ಟರೇ ಮೇಲು ಎನ್ನುವ ವೈದ್ಯರು ಇದ್ದಾರೆ. ಹಲ್ಲಿನ ವೈದ್ಯರು ದವಡೆಯ ಅಚ್ಚು ತೆಗೆಯುವುದೂ ಇದರಲ್ಲೇ. ಒಣಗುವಾಗ ಜೇಡಿಮಣ್ಣು ಕುಗ್ಗುತ್ತದೆ. ಪಿಒಪಿ ಗಟ್ಟಿಯಾಗುವಾಗ ಕೂದಲೆಳೆಯಷ್ಟು ಹಿಗ್ಗಿ ಅಚ್ಚಿನ ಮೂಲೆ ಮೂಲೆಗೂ ಒತ್ತಿಕೊಳ್ಳುತ್ತದೆ. ಬೆರಳ ರೇಖೆ ಕೂಡ ಮೂಡುತ್ತದೆ.

ನಿಮ್ಮ ಸೀಲಿಂಗಿನ ಪ್ರಶ್ನೆಗೆ ಈಗ ಉತ್ತರ ಸುಲಭ. ಪಿಒಪಿ ಸೀಲಿಂಗ್ ಎಂದರೆ ನಿಮ್ಮ ಮನೆಯಲ್ಲೇ ಪುಡಿ ಕಲಸಿ, ಚೌಕಟ್ಟಿಗೆ ಕಟ್ಟಿದ ಜಾಲರಿಗೆ ಕೈಯಿಂದ ಮೆತ್ತಿ ಮಾಡುವುದು. ಬೋರ್ಡ್ ಎಂದರೆ ಅದೇ ಪಾಕವನ್ನು ಕಾರ್ಖಾನೆಯಲ್ಲಿ ಎರಡು ಕಾಗದದ ನಡುವೆ ಹುಯ್ದು, ಗಟ್ಟಿ ಮಾಡಿ, ಒಣಗಿಸಿ ಕಳಿಸಿದ್ದು. ಬಾಗುವ ಬಲವೆಲ್ಲ ಆ ಕಾಗದದಿಂದ ಬರುತ್ತದೆ. ಕಾಗದ ಕಿತ್ತ ಬೋರ್ಡು ಬಿಸ್ಕತ್ತಿನಂತೆ ಮುರಿಯುತ್ತದೆ. ನನ್ನನ್ನು ಕೇಳಿದರೆ, ನೇರ ಸೀಲಿಂಗಿಗೆ ಬೋರ್ಡ್ ಸಾಕು. ಬೇಗ ಮುಗಿಯುತ್ತದೆ, ಮನೆ ತುಂಬ ರಾಡಿಯಾಗುವುದಿಲ್ಲ, ಒಣಗಲೆಂದು ದಿನಗಟ್ಟಲೆ ಕಾಯಬೇಕಿಲ್ಲ. ಬಾಗು, ಬಳ್ಳಿ, ಅಂಚಿನ ಕೆತ್ತನೆ ಬೇಕೆಂದರೆ ಪಿಒಪಿ, ಅದೂ ಕೈ ಪಳಗಿದವರು ಸಿಕ್ಕರೆ ಮಾತ್ರ. ಯಾವುದೇ ಹಾಕಿಸಿದರೂ ಫ್ಯಾನನ್ನು ಮೇಲಿನ ಕಾಂಕ್ರೀಟಿಗೇ ತೂಗಿಸಿ. ಸೀಲಿಂಗ್ ಅದರ ಭಾರ ಹೊರುವುದಿಲ್ಲ.

ಪಿಒಪಿ ಕೆಲಸ ಏಕೆ ನಿಧಾನ ಒಣಗುತ್ತದೆ ಗೊತ್ತಾ? ಪುಡಿ ಮತ್ತೆ ಜಿಪ್ಸಮ್ ಆಗಲು ತನ್ನ ತೂಕದ ಐದನೇ ಒಂದು ಭಾಗಕ್ಕಿಂತ ಕಡಿಮೆ ನೀರು ಸಾಕು. ಆದರೆ ಅಷ್ಟೇ ನೀರಿನಲ್ಲಿ ಕಲಸಲು ಆಗುವುದಿಲ್ಲ, ಹುಯ್ಯಲೂ ಆಗುವುದಿಲ್ಲ. ಹಾಗಾಗಿ ಮೂರು ಪಟ್ಟು ಜಾಸ್ತಿ ಹಾಕುತ್ತೇವೆ. ಆ ಹೆಚ್ಚಿನ ನೀರು ಆವಿಯಾಗಿ ಹೋಗಲೇಬೇಕು. ಅದು ಹೋದ ಜಾಗದಲ್ಲೆಲ್ಲ ಸಣ್ಣ ತೂತು ಉಳಿಯುತ್ತದೆ. ಅಚ್ಚು ಹಗುರವಾಗಿರುವುದೂ, ನೀರು ಕಂಡರೆ ಹೀರಿಕೊಳ್ಳುವುದೂ ಈ ತೂತುಗಳಿಂದ.

ನೀರು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಉತ್ತರ. ಬೋರ್ಡೂ ಪಿಒಪಿಯೂ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತವೆ. ಹೆಣೆದುಕೊಂಡ ಸೂಜಿಗಳ ನಡುವೆ ನೀರು ಸೇರಿ ಒಂದರ ಮೇಲೊಂದು ಜಾರಲು ಬಿಡುತ್ತದೆ. ಒಮ್ಮೆ ಒದ್ದೆಯಾಗಿ ಬೇಗ ಒಣಗಿದರೆ ಕಲೆಯಷ್ಟೇ ಉಳಿಯಬಹುದು. ದಿನಾ ತೊಟ್ಟಿಕ್ಕುತ್ತಿದ್ದರೆ ಬೋರ್ಡು ಹೊಟ್ಟೆ ಬಿಟ್ಟು ಜೋತು ಬೀಳುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ತೇವ ತಡೆಯುವ ಬೋರ್ಡುಗಳು ಬರುತ್ತವೆ, ಸಾಮಾನ್ಯವಾಗಿ ಹಸಿರು ಕಾಗದದವು. ಅವು ತಡೆಯುವುದು ಬಚ್ಚಲಿನ ಹಬೆಯನ್ನು, ಸೋರುವ ಪೈಪನ್ನಲ್ಲ. ಮೇಲಿನ ಸೋರಿಕೆ ಮುಚ್ಚಿಸದೆ ಸೀಲಿಂಗ್ ಹಾಕಿಸಬೇಡಿ.

ಬೆಂಕಿಯ ವಿಷಯದಲ್ಲಿ ಇದೇ ಮೆತ್ತನೆ ಕಲ್ಲು ಗಟ್ಟಿಗ. ಹನ್ನೆರಡೂವರೆ ಮಿಲಿಮೀಟರ್ ದಪ್ಪದ ಬೋರ್ಡಿನ ಒಂದು ಚದರ ಮೀಟರಿನಲ್ಲಿ ಒಂದೂವರೆ ಲೀಟರಿನಷ್ಟು ನೀರು ಹರಳಿನೊಳಗೆ ಅಡಗಿದೆ. ಬೆಂಕಿ ತಗುಲಿದರೆ ಕಾಗದ ಕಪ್ಪಾಗಿ ಸುಡುತ್ತದೆ, ನಿಜ. ಆಮೇಲೆ ಒಳಗಿನ ನೀರು ಪದರ ಪದರವಾಗಿ ಹಬೆಯಾಗಿ ಹೊರಡುತ್ತದೆ. ಹಬೆಯಾಗಲು ಬೆಂಕಿಯ ಶಾಖವೇ ಖರ್ಚಾಗಬೇಕು. ನೀರು ಮುಗಿಯುವವರೆಗೆ ಬೋರ್ಡಿನ ಆಚೆ ಬದಿಯ ಶಾಖವು, ನೀರು ಕುದಿಯುವ ಮಟ್ಟದ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ. ಆ ನಿಮಿಷಗಳು ಮನೆಯವರು ಹೊರಗೆ ಓಡಲು. ನೀರು ಮುಗಿದ ಮೇಲೆ ಉಳಿಯುವುದು ಕುಗ್ಗಿ ಬಿರಿಯುವ ಪುಡಿ. ಬೆಂಕಿಗೆಂದೇ ಮಾಡಿದ ಬೋರ್ಡುಗಳಲ್ಲಿ ಗಾಜಿನ ನಾರು ಸೇರಿಸಿರುತ್ತಾರೆ, ಆ ಪುಡಿ ಉದುರದೆ ಇನ್ನಷ್ಟು ಹೊತ್ತು ನಿಲ್ಲಲಿ ಎಂದು.

ನೀವು ಕೇಳದೇ ಇದ್ದರೂ ಒಂದು ಹೇಳಬೇಕು. ನಿಮ್ಮ ಮನೆಯ ಗೋಡೆ, ಕಂಬ, ಸ್ಲ್ಯಾಬಿನಲ್ಲೂ ಜಿಪ್ಸಮ್ ಇದೆ. ಸಿಮೆಂಟ್ ಮಾಡುವಾಗ, ಸುಟ್ಟ ಗಟ್ಟಿಗಳ ಜೊತೆಗೆ ನೂರಕ್ಕೆ ಮೂರರಿಂದ ಐದು ಭಾಗ ಜಿಪ್ಸಮ್ ಸೇರಿಸಿ ಅರೆಯುತ್ತಾರೆ. ಅದಿಲ್ಲದಿದ್ದರೆ ಸಿಮೆಂಟಿನಲ್ಲಿರುವ ಅಲ್ಯುಮಿನಾದ ಅಂಶ ನೀರು ಬಿದ್ದ ಕೂಡಲೇ ಕೆರಳಿ, ಕೆಲವೇ ನಿಮಿಷಗಳಲ್ಲಿ ಗಟ್ಟಿ ಹಿಡಿಯುತ್ತದೆ. ಬಾಂಡ್ಲಿಯಿಂದ ಗೋಡೆಗೆ ಬರುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಜಿಪ್ಸಮ್ ಆ ಅಂಶದ ಮೇಲೆ ಹರಳಿನ ಹೊದಿಕೆ ಬೆಳೆಸಿ ತಡೆಯುತ್ತದೆ. ಗಮ್ಮತ್ತು ಏನೆಂದರೆ, ತಾನೇ ಬೇಗ ಗಟ್ಟಿಯಾಗುವ ವಸ್ತುವಿನ ಮೂಲ ಇಲ್ಲಿ ತಡ ಮಾಡಿಸುವ ಕೆಲಸಕ್ಕೆ ನಿಂತಿದೆ. ಅರೆಯುವ ಗಿರಣಿ ತುಂಬ ಬಿಸಿಯಾದರೆ ಮಾತ್ರ ಎಡವಟ್ಟು. ಒಳಗಿನ ಜಿಪ್ಸಮ್ ಅಲ್ಲೇ ಬೆಂದು ಪಿಒಪಿಯಾಗಿ, ಕಲಸಿದ ಕೂಡಲೇ ಸಿಮೆಂಟ್ ಬಿಗಿದಂತೆ ತೋರುತ್ತದೆ. ನೀರು ಹಾಕದೆ ಮತ್ತೊಮ್ಮೆ ಚೆನ್ನಾಗಿ ಕಲಸಿದರೆ ಸಡಿಲವಾಗುತ್ತದೆ. ಅದು ನಿಜವಾದ ಗಟ್ಟಿಯಲ್ಲ.

ಇಲ್ಲಿಯವರೆಗೆ ಕಲ್ಲಿನ ಒಳಗಿನ ನೀರಿನ ಮಾತಾಯಿತು. ಹೊಲದ ಪ್ರಶ್ನೆಗೆ ಹೊರಗಿನ ನೀರಿನ ಮಾತು ಬೇಕು. ಒಂದು ಲೀಟರ್ ನೀರಿನಲ್ಲಿ ಅಡುಗೆ ಉಪ್ಪು 350 ಗ್ರಾಮಿಗೂ ಜಾಸ್ತಿ ಕರಗುತ್ತದೆ. ಸುಣ್ಣದ ಕಲ್ಲು ಹೆಚ್ಚುಕಡಿಮೆ ಕರಗುವುದೇ ಇಲ್ಲ. ಜಿಪ್ಸಮ್ ಎರಡು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಅತ್ತ ಉಪ್ಪೂ ಅಲ್ಲ, ಇತ್ತ ಕಲ್ಲೂ ಅಲ್ಲ.

ಅದು ಹುಟ್ಟುವುದೂ ಈ ನಡುವಿನ ಗುಣದಿಂದಲೇ. ಸಮುದ್ರದ ನೀರು ಒಂದು ಕಡೆ ಸಿಕ್ಕಿಬಿದ್ದು ಬತ್ತುತ್ತಾ ಹೋದರೆ ಮೊದಲು ಸುಣ್ಣದ ಅಂಶ ಕೆಳಗಿಳಿಯುತ್ತದೆ. ಮುಕ್ಕಾಲು ಪಾಲಿಗೂ ಜಾಸ್ತಿ ನೀರು ಹೋದಾಗ ಜಿಪ್ಸಮ್, ಹತ್ತರಲ್ಲಿ ಒಂಬತ್ತು ಪಾಲು ಹೋದಾಗ ಉಪ್ಪು. ಉಪ್ಪು ಬೆಳೆಯುವವರು ನೀರನ್ನು ಮಡಿಯಿಂದ ಮಡಿಗೆ ಬಿಡುವಾಗ, ಕೊನೆಯ ಮಡಿಗೆ ಬರುವ ಮೊದಲೇ ತಳದಲ್ಲಿ ಜಿಪ್ಸಮ್ ಹೆಪ್ಪುಗಟ್ಟಿರುತ್ತದೆ. ಸುಮಾರು 60 ಲಕ್ಷ ವರ್ಷಗಳ ಹಿಂದೆ ಮೆಡಿಟರೇನಿಯನ್ ಸಮುದ್ರಕ್ಕೆ ಅಟ್ಲಾಂಟಿಕ್‌ನಿಂದ ನೀರು ಬರುವ ದಾರಿ ಕಟ್ಟಿಕೊಂಡಾಗ ಇದೇ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆಗ ಕೂತ ಜಿಪ್ಸಮ್ ಪದರಗಳು ಈಗಲೂ ಸಿಸಿಲಿಯಲ್ಲಿ, ಸ್ಪೇನಿನಲ್ಲಿ ಬೆಟ್ಟಗಳಾಗಿ ನಿಂತಿವೆ. ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಸುಮಾರು 700 ಚದರ ಕಿಲೋಮೀಟರ್ ತುಂಬ ಜಿಪ್ಸಮ್ ಮರಳಿನ ದಿಬ್ಬಗಳಿವೆ. ಬೇರೆ ಕಡೆ ಮಳೆನೀರು ಇದನ್ನು ಕರಗಿಸಿ ನದಿಗೆ ಒಯ್ಯುತ್ತದೆ. ಅಲ್ಲಿನ ಕಣಿವೆಯಿಂದ ಹೊರಗೆ ಹರಿಯುವ ನದಿಯೇ ಇಲ್ಲ. ಹಾಗಾಗಿ ಉಳಿದಿದೆ. ಮೆಕ್ಸಿಕೋದ ನಾಯ್ಕಾ ಗಣಿಯಲ್ಲಿ, 300 ಮೀಟರ್ ಆಳದಲ್ಲಿ, 2000ನೇ ಇಸವಿಯಲ್ಲಿ ಗಣಿಯವರಿಗೆ ಸಿಕ್ಕ ಗುಹೆಯ ಮಾತು ಇನ್ನೂ ದೊಡ್ಡದು. ಒಂದೊಂದು ಸೆಲೆನೈಟ್ ಹರಳು ತೆಂಗಿನ ಮರ ಅಡ್ಡ ಬಿದ್ದಂತೆ, 11 ಮೀಟರಿನವರೆಗೂ ಉದ್ದ. ಬಿಸಿನೀರಿನಲ್ಲಿ ಮುಳುಗಿ, ಏರಿಳಿತ ಇಲ್ಲದ ಬಿಸಿಯಲ್ಲಿ ಲಕ್ಷಾಂತರ ವರ್ಷ ನಿಧಾನಕ್ಕೆ ಬೆಳೆದವು. ಒಳಗೆ 50 ಡಿಗ್ರಿ ದಾಟಿದ ಬಿಸಿ, ಮೈತುಂಬ ಹಬೆ. ತಂಪಿನ ಅಂಗಿ ಇಲ್ಲದೆ ಹತ್ತು ನಿಮಿಷ ನಿಲ್ಲುವುದೂ ಅಪಾಯ. ಗಣಿಯ ಕೆಲಸ ನಿಂತ ಮೇಲೆ ಗುಹೆಯಲ್ಲಿ ಮತ್ತೆ ನೀರು ತುಂಬಿದೆ. ಮಂಗಳ ಗ್ರಹದಲ್ಲೂ 2011ರಲ್ಲಿ ಆಪರ್ಚುನಿಟಿ ಗಾಡಿ ಜಿಪ್ಸಮ್ಮಿನ ಬಿಳಿ ಗೆರೆಯೊಂದನ್ನು ಕಂಡಿತು. ಒಂದು ಕಾಲದಲ್ಲಿ ಅಲ್ಲಿನ ಬಂಡೆಯ ಬಿರುಕಿನಲ್ಲಿ ನೀರು ಹರಿದಿತ್ತು ಎನ್ನುವುದಕ್ಕೆ ಅದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಕರಗುವ ಗುಣ ಕಾಡುವುದೂ ಉಂಟು. ಇರಾಕಿನ ಮೋಸುಲ್ ಅಣೆಕಟ್ಟು 1980ರ ದಶಕದಲ್ಲಿ ಕಟ್ಟಿದ್ದು. ಅದರ ಅಡಿಪಾಯದ ಕೆಳಗೆ ಜಿಪ್ಸಮ್ ಪದರಗಳಿವೆ. ನೀರು ನುಗ್ಗಿ ಪದರ ಕರಗಿ ಪೊಳ್ಳಾಗುತ್ತದೆ. ಆ ಪೊಳ್ಳಿಗೆ ಸಿಮೆಂಟ್ ಪಾಕ ತುಂಬುವ ಕೆಲಸವನ್ನು ಅಂದಿನಿಂದ ಮಾಡುತ್ತಲೇ ಬಂದಿದ್ದಾರೆ. ಸಣ್ಣ ಮಟ್ಟದಲ್ಲಿ ನಮ್ಮ ನಿಮ್ಮ ಬಾವಿಯಲ್ಲೂ ಇದೇ. ಜಿಪ್ಸಮ್ ಕರಗಿದ ನೀರು ಗಡಸು, ಸಾಬೂನು ನೊರೆ ಬಿಡುವುದಿಲ್ಲ, ಕುದಿಸಿದರೂ ಆ ಗಡಸು ಹೋಗುವುದಿಲ್ಲ.

ಅದೇ ಗುಣ ಹೊಲದಲ್ಲಿ ವರ. ನಿಮ್ಮ ಭಾವನವರ ಮಾತು ಇಲ್ಲಿಗೆ ಬಂತು. ಸುಣ್ಣ ಹಾಕುವುದು ಹುಳಿ ಮಣ್ಣಿಗೆ, ಅಂದರೆ ಆಮ್ಲದ ಮಣ್ಣಿಗೆ. ಸುಣ್ಣ ಹುಳಿಯನ್ನು ಮುರಿಯುತ್ತದೆ. ನಿಂಬೆರಸಕ್ಕೆ ನೊರೆ ಎದ್ದದ್ದು ನೆನಪಿದೆಯಲ್ಲ, ಅದೇ ಅದು. ಜಿಪ್ಸಮ್ ನೊರೆ ಎಬ್ಬಿಸಲಿಲ್ಲ. ಹಾಗಾಗಿ ಹುಳಿ ಮಣ್ಣಿಗೆ ಸುಣ್ಣದ ಬದಲು ಜಿಪ್ಸಮ್ ಹಾಕಿ ಪಿಎಚ್ ಏರಲಿ ಎಂದು ಕಾದರೆ ಏರುವುದಿಲ್ಲ.

ಜಿಪ್ಸಮ್ ಬೇಕಾದದ್ದು ಸೋಡಿಯಂ ತುಂಬಿದ ಕ್ಷಾರ ಮಣ್ಣಿಗೆ. ಅಂಥ ಮಣ್ಣಿನಲ್ಲಿ ಜೇಡಿಯ ಕಣಗಳಿಗೆ ಸೋಡಿಯಂ ಅಂಟಿಕೊಂಡು ಅವು ಒಂದನ್ನೊಂದು ದೂರ ತಳ್ಳುತ್ತವೆ. ಮಳೆ ಬಿದ್ದರೆ ಮಣ್ಣು ಅಂಬಲಿಯಾಗುತ್ತದೆ, ಒಣಗಿದರೆ ಹೆಂಚಿನಂತೆ ಬಿರಿಯುತ್ತದೆ. ನೀರು ಒಳಗಿಳಿಯುವುದಿಲ್ಲ. ಜಿಪ್ಸಮ್ ಮೆಲ್ಲಗೆ ಕರಗಿ ಕ್ಯಾಲ್ಸಿಯಂ ಕೊಡುತ್ತದೆ. ಅದು ಸೋಡಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ. ಕಣಗಳು ಗುಂಪುಗೂಡುತ್ತವೆ, ನಡುವೆ ಸಂದಿ ಬಿಡುತ್ತದೆ. ಮನೆಯಲ್ಲೇ ನೋಡಬಹುದು. ಎರಡು ಗಾಜಿನ ಲೋಟಗಳಲ್ಲಿ ಮಳೆನೀರು ತುಂಬಿ, ಎರಡಕ್ಕೂ ಆ ಹೊಲದ ಒಂದೊಂದು ಚಮಚ ಮಣ್ಣು ಹಾಕಿ ಕದಡಿ. ಒಂದಕ್ಕೆ ಮಾತ್ರ ಚಿಟಿಕೆ ಜಿಪ್ಸಮ್ ಪುಡಿ ಹಾಕಿ ಮತ್ತೆ ಕದಡಿ ಬಿಡಿ. ಕ್ಷಾರ ಮಣ್ಣಾದರೆ ಜಿಪ್ಸಮ್ ಇಲ್ಲದ ಲೋಟ ಮಾರನೆ ದಿನವೂ ಕದಡಿದ ಚಹಾದಂತೆ ನಿಂತಿರುತ್ತದೆ. ಜಿಪ್ಸಮ್ ಹಾಕಿದ ಲೋಟದಲ್ಲಿ ಮಣ್ಣು ಗರಣೆಯಾಗಿ ಕೆಳಗಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಎರಡೂ ಲೋಟ ತಾವಾಗಿಯೇ ತಿಳಿಯಾದರೆ ನಿಮ್ಮ ಭಾವನವರ ಹೊಲಕ್ಕೆ ಈ ಕಾರಣಕ್ಕಂತೂ ಜಿಪ್ಸಮ್ ಬೇಕಿಲ್ಲ.

ಬೇಕೆಂದೇ ಆದರೆ ಎಷ್ಟು ಹಾಕಬೇಕೆಂಬುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು. ಕಣ್ಣಳತೆ ಬೇಡ. ಹಾಕಿದ ಮೇಲೆ ನೀರು ಕಟ್ಟಿ, ಎದ್ದ ಸೋಡಿಯಮ್ಮನ್ನು ಬೇರಿಗಿಂತ ಕೆಳಗೆ ತೊಳೆದು ಬಸಿಗಾಲುವೆಯಲ್ಲಿ ಹೊರಗೆ ಕಳಿಸಬೇಕು. ಬಸಿಯಲು ದಾರಿ ಇಲ್ಲದ ಹೊಲಕ್ಕೆ ಎಷ್ಟು ಜಿಪ್ಸಮ್ ಸುರಿದರೂ ಸೋಡಿಯಂ ಅಲ್ಲೇ ಸುತ್ತುತ್ತಿರುತ್ತದೆ. ಬರೀ ಉಪ್ಪು ಹೂತ ಸವಳು ಮಣ್ಣಿಗೂ ಜಿಪ್ಸಮ್ ಮದ್ದಲ್ಲ. ಅದಕ್ಕೆ ಒಳ್ಳೆಯ ನೀರು, ಬಸಿಗಾಲುವೆ ಸಾಕು. ಭಾವನವರು ಶೇಂಗಾ ಬೆಳೆಯುತ್ತಾರಾದರೆ ಮಾತು ಬೇರೆ. ಶೇಂಗಾ ಕಾಯಿ ಮಣ್ಣಿನೊಳಗೆ ಬೆಳೆಯುತ್ತದೆ, ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಸುತ್ತಲಿನ ಮಣ್ಣಿನಿಂದ ಸಿಪ್ಪೆಯ ಮೂಲಕ ನೇರವಾಗಿ ಹೀರುತ್ತದೆ. ಬೇರು ಹೀರಿದ ಕ್ಯಾಲ್ಸಿಯಂ ಎಲೆಗೆ ಹೋಗಿಬಿಡುತ್ತದೆ, ಕಾಯಿಗೆ ಇಳಿಯುವುದಿಲ್ಲ. ಅದಕ್ಕೇ ಕ್ಯಾಲ್ಸಿಯಂ ಕೊರತೆಯ ಮಣ್ಣಿನಲ್ಲಿ, ಹೂ ಬಿಡುವ ಹೊತ್ತಿಗೆ ಗಿಡದ ಬುಡದಲ್ಲೇ ಜಿಪ್ಸಮ್ ಉದುರಿಸುತ್ತಾರೆ. ಇಲ್ಲದಿದ್ದರೆ ಜೊಳ್ಳು ಕಾಯಿ. ಜೊತೆಗೆ ಬರುವ ಗಂಧಕವೂ ಎಣ್ಣೆಕಾಳಿಗೆ ಬೇಕಾದದ್ದೇ.

ಒಂದು ವಿಷಯ ವಿಚಾರಿಸಿಯೇ ಜಿಪ್ಸಮ್ ಕೊಂಡುಕೊಳ್ಳಿ ಎಂದು ಭಾವನವರಿಗೆ ಹೇಳಿ. ಎಲ್ಲ ಜಿಪ್ಸಮ್ಮೂ ಗಣಿಯದಲ್ಲ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳಲ್ಲಿ ಹೊಗೆಯ ಗಂಧಕವನ್ನು ಸುಣ್ಣದ ಕಲ್ಲಿನ ಪಾಕದಲ್ಲಿ ತೊಳೆದಾಗ ಜಿಪ್ಸಮ್ ಹುಟ್ಟುತ್ತದೆ. ಅದು ಎಷ್ಟೋ ಸಲ ಗಣಿಯದಕ್ಕಿಂತ ಶುದ್ಧ, ಬೋರ್ಡಿಗೆ ಬಹಳ ಬಳಕೆಯಲ್ಲಿದೆ. ರಂಜಕದ ಗೊಬ್ಬರದ ಕಾರ್ಖಾನೆಯಲ್ಲಿ ಉಳಿಯುವ ಜಿಪ್ಸಮ್ ಬೇರೆ. ಅದರಲ್ಲಿ ಮೂಲ ಬಂಡೆಯಿಂದ ಬಂದ ರೇಡಿಯಂ ಅಲ್ಪಸ್ವಲ್ಪ ಇರಬಹುದು. ಹಾಗಾಗಿ ಎಲ್ಲಿಂದ ಬಂದದ್ದು, ಪರೀಕ್ಷೆ ಆಗಿದೆಯೇ ಎಂದು ಕೇಳುವುದು ಸರಿ.

ಕೊನೆಗೆ ನಿಮ್ಮ ಬೋರ್ಡ್ ಚೂರು. ಬಣ್ಣ ಬಳಿಯದ, ಸಾದಾ ಬೋರ್ಡಿನ ಚೂರಾದರೆ ಕಾಗದ ಕಿತ್ತು, ನುಣ್ಣಗೆ ಪುಡಿ ಮಾಡಿ, ಮಣ್ಣಿಗೆ ತೆಳ್ಳಗೆ ಬೆರೆಸಬಹುದು. ಕುಂಡಕ್ಕೆ ಒಂದು ಚಮಚ ಸಾಕು, ಮಣ್ಣು ಈಗಾಗಲೇ ಚೆನ್ನಾಗಿದ್ದರೆ ಅದೂ ಬೇಡ. ಹಸಿರು ಕಾಗದದ ತೇವ ತಡೆಯುವ ಬೋರ್ಡು, ಗಾಜಿನ ನಾರು ಸೇರಿಸಿದ ಬೆಂಕಿಯ ಬೋರ್ಡು, ಬಣ್ಣ ಹಚ್ಚಿದ್ದು, ಸಂದಿಗೆ ಪುಟ್ಟಿ ಮೆತ್ತಿದ್ದು ಯಾವುದೂ ಗಿಡಕ್ಕೆ ಬೇಡ. ಹಾಗಂತ ಅವನ್ನು ಹಿತ್ತಲಿನ ಗುಂಡಿಯಲ್ಲಿ ಕಸದ ಜೊತೆ ಹೂಳಲೂ ಬೇಡಿ. ಗಾಳಿ ಆಡದ ಒದ್ದೆ ಜಾಗದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಜಿಪ್ಸಮ್ಮಿನ ಸಲ್ಫೇಟನ್ನು ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್ ಆಗಿ ಮಾಡುತ್ತವೆ, ಅದು ವಿಷದ ಗಾಳಿ. ಕೆಲಸದವರು ಹೋಗುವ ಮುಂಚೆ ಚೂರುಗಳನ್ನು ಮಳೆ ತಾಗದಂತೆ ಒಂದು ಚೀಲದಲ್ಲಿ ಒಣದಾಗಿ ಕಟ್ಟಿಸಿಟ್ಟು, ಕಟ್ಟಡದ ಕಸ ಒಯ್ಯುವವರಿಗೇ ಕೊಡಿ. ಗಿಡಕ್ಕೆಂದು ಆರಿಸಿದ್ದನ್ನು ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಪುಡಿ ಅಂಟಿದ ಕೈಯನ್ನು ಸಿಂಕಿನಲ್ಲಿ ಧಾರಾಳವಾಗಿ ತೊಳೆಯಿರಿ, ಇದು ಈಗಾಗಲೇ ನೀರು ಕುಡಿದ ಜಿಪ್ಸಮ್, ಪೈಪಿನಲ್ಲಿ ಕಲ್ಲಾಗುವುದಿಲ್ಲ. ಕೆಲಸದವರ ಪಿಒಪಿ ಬುಟ್ಟಿಯನ್ನು ಮಾತ್ರ ಅಲ್ಲಿ ತೊಳೆಯಲು ಬಿಡಬೇಡಿ.